ಪದಚರ್ಚೆ: √2 ಬರುವ ಅಪವರ್ತನಕ್ಕೆ ಏನು ಹೇಳುತ್ತೀರಿ?

ಗೆಳೆಯರೇ, ನಮಸ್ಕಾರ.

ಡೊಂಬಿವಲಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅವರಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಮ್ಮ ‘ಅಪವರ್ತನ’ (ಇಂಗ್ಲಿಷಿನ ಫ್ಯಾಕ್ಟರ್) ಮರಾಠಿಯಲ್ಲಿ ‘ಅವಯವ’, ಅಪವರ್ತಿಸುವುದು ‘ಅವಯವ ಪಾಡಣೆ’. ಮಕ್ಕಳು ಅದನ್ನೇ ಕನ್ನಡಕ್ಕೆ ತಿರುಗಿಸಿ, “ಸರ್, ಇದಕ್ಕೆ ಅವಯವ ಬೀಳಲ್ಲ” ಅಂತಾರೆ.

ಲೆಕ್ಕ ಇದು: ಕ್ಷ² − 2ಕ್ಷ − 1. ಗುಣಿಸಿದರೆ −1, ಕೂಡಿದರೆ −2 ಬರುವ ಎರಡು ಪೂರ್ಣಾಂಕ ಬೇಕು. −1ಕ್ಕೆ ಇರುವ ಜೋಡಿ 1 ಮತ್ತು −1 ಮಾತ್ರ. ಕೂಡಿದರೆ ಸೊನ್ನೆ. ಅಲ್ಲಿಗೆ ಪೆನ್ನು ಕೆಳಗಿಡುತ್ತಾರೆ. ಆದರೆ ವರ್ಗ ಪೂರ್ಣ ಮಾಡಿದರೆ (ಕ್ಷ − 1)² − 2 ಆಗುತ್ತದೆ. ಅಂದರೆ (ಕ್ಷ − 1 − √2)(ಕ್ಷ − 1 + √2). ಅಪವರ್ತನ ಇದ್ದೇ ಇದೆ! ಶೋಧಕ (b² − 4ac) ಇಲ್ಲಿ 8, ಅದು ಪೂರ್ಣವರ್ಗ ಅಲ್ಲ, ಅಷ್ಟೇ. ಕ್ಷ² + ಕ್ಷ + 1ರ ಕಥೆ ಬೇರೆ. ಅದರ ಶೋಧಕ −3, ವಾಸ್ತವ ಸಂಖ್ಯೆಗಳಲ್ಲೂ ಅದು ಒಡೆಯುವುದಿಲ್ಲ. ಎರಡಕ್ಕೂ ‘ಅಪವರ್ತನ ಇಲ್ಲ’ ಎಂದರೆ ತಪ್ಪು ಕಲಿಸಿದ ಹಾಗೆ ಅಲ್ವಾ?

ಮೊದಲನೆಯದಕ್ಕೆ ‘ಭಾಗಲಬ್ಧ ಅಪವರ್ತನ ಇಲ್ಲ’ ಎನ್ನಬಹುದು. ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆಯೇ ಭಾಗಲಬ್ಧ ಸಂಖ್ಯೆ. ಆದರೆ ಭಾಗಾಕಾರದಲ್ಲಿ ಬರುವ ಉತ್ತರವೂ ನಮಗೆ ಭಾಗಲಬ್ಧವೇ. ಬಹುಪದೋಕ್ತಿಯನ್ನು ಭಾಗಿಸಿ ಅಪವರ್ತನ ಹುಡುಕುವಾಗ ಈ ಮಾತು ಬಂದರೆ, ಭಾಗಿಸಿ ಸಿಕ್ಕಿದ್ದು ಅಂತಲೇ ಮಕ್ಕಳು ತಿಳಿಯುತ್ತಾರೆ. ಮರಾಠಿಯ ‘ಪರಿಮೇಯ’ಕ್ಕೆ ಈ ತೊಡಕಿಲ್ಲ. ‘ಅವಿಭಾಜ್ಯ’ ಎನ್ನೋಣವೆಂದರೆ 2, 3, 5, 7ರಂಥ ಅವಿಭಾಜ್ಯ ಸಂಖ್ಯೆಗಳೇ ನೆನಪಾಗುತ್ತವೆ. ಯಾವ ಸಂಖ್ಯೆಗಳಲ್ಲಿ ಒಡೆಯದು ಅನ್ನುವುದೂ ಅದರಲ್ಲಿ ಬರುವುದಿಲ್ಲ. ಇಲ್ಲಿ ಜಾಸ್ತಿ ಮುಖ್ಯವಾದದ್ದೇ ಅದು.

ನನಗೆ ಹಿಡಿಸಿದ್ದು ‘ಕರಣಿ ಅಪವರ್ತನ’. √2ರಂಥವಕ್ಕೆ ಕರಣಿ ಎಂಬ ಹೆಸರು ಕನ್ನಡ, ಮರಾಠಿ ಎರಡರಲ್ಲೂ ಇದೆ. ಹಳೆಯ ಪದವೂ ಹೌದು. ಯಜ್ಞವೇದಿಗಳ ಅಳತೆ ಹೇಳುವ ಪ್ರಾಚೀನ ಶುಲ್ಬಸೂತ್ರಗಳಲ್ಲಿ ‘ದ್ವಿಕರಣಿ’ ಎಂದರೆ ಒಂದು ಚೌಕದ ಎರಡರಷ್ಟು ವಿಸ್ತೀರ್ಣವಿರುವ ಚೌಕದ ಬದಿ. ಮೊದಲ ಚೌಕದ ಬದಿ 1 ಆದರೆ ಅದು √2. ‘ಕರಣೀಯ’ ಮಾತ್ರ ಬೇಡ, ಅದಕ್ಕೆ ‘ಮಾಡಬೇಕಾದದ್ದು’ ಎಂಬ ಅರ್ಥ ಬಂದುಬಿಡುತ್ತದೆ.

‘ಈ ಉಕ್ತಿಗೆ ಕರಣಿ ಅಪವರ್ತನಗಳಿವೆ’ ಎಂದು ಬರೆಸಿದರೆ ಕರ್ನಾಟಕದ ಮೇಷ್ಟ್ರುಗಳಿಗೆ ತಟ್ಟನೆ ಅರ್ಥ ಆಗುತ್ತದಾ? ಪುಸ್ತಕದ ಪದ ಒಂದು ಕಡೆ ಇರಲಿ, ಬೋರ್ಡಿನ ಮುಂದೆ ನಿಂತಾಗ ನೀವು ಬಾಯಲ್ಲಿ ಏನು ಹೇಳುತ್ತೀರಿ, ಅದನ್ನೂ ತಿಳಿಸಿ.