ಬೆಂಗಳೂರಲ್ಲಿ ಮೆಟಲ್ (ಅಬ್ಬರದ ರಾಕ್ ಸಂಗೀತ) ಶೋ, ಮೊದಲ ಸಲ. ಹೋಗಿ ಬಂದವರು ಸ್ವಲ್ಪ ಹೇಳಿ

ವಿದ್ಯಾನಗರ_ಹುಡುಗ: ದಾವಣಗೆರೆಯಿಂದ ಒಬ್ಬನೇ ಹೊರಟಿದ್ದೇನೆ. ಬಯಲಲ್ಲಿ ನಡೆಯುವ ಶೋ. ಸ್ಟೇಜ್ ಮುಂದಿನ ಫ್ಯಾನ್ ಪಿಟ್ ಟಿಕೆಟ್ ತಗೊಳ್ಳೋದಾ, ಹಿಂದೆ ನಿಲ್ಲೋದಾ? ಮುಗಿದ ಮೇಲೆ ಅದೇ ರಾತ್ರಿ ವಾಪಸ್ ಬರೋಕಾಗುತ್ತಾ? ಬೆಳಗ್ಗೆ ಡ್ಯೂಟಿ ಇದೆ.

ಹಳೇ_ಮೆಟಲ್: ತಮ್ಮಾ, ನಾನು ನೋಡಿದ್ದು ಮೆಟಾಲಿಕಾ ಬ್ಯಾಂಡ್. 2011ರ ಅಕ್ಟೋಬರ್ 30, ಅರಮನೆ ಮೈದಾನ. ಎರಡು ದಿನ ಮುಂಚೆ ಗುಡಗಾಂವ್ ಶೋ ರದ್ದಾಗಿ ಅಲ್ಲಿ ಜನ ಸ್ಟೇಜ್ ಮೇಲೆ ನುಗ್ಗಿದ್ದರು. ಇಲ್ಲೂ ಕೈ ಕೊಡ್ತಾರೇನೋ ಅಂತ ಬಸ್ಸಲ್ಲಿ ನಿದ್ದೆನೇ ಇಲ್ಲ. ಟಿಕೆಟ್ ದುಡ್ಡು ಬಿಡಿ, ಸುಲಿದಿದ್ದು ಉಳಿದವರು. ಗೇಟಲ್ಲಿ ನೀರಿನ ಬಾಟಲಿ ಕಿತ್ಕೊಂಡರು, ಒಳಗೆ ಒಂದು ಲೋಟ ನೀರಿಗೆ 50 ರೂಪಾಯಿ. ಬೆಲ್ಟ್ ಬಿಚ್ಚಿಸಿದರು, ವಾಪಸ್ ಸಿಗಲಿಲ್ಲ, 350 ಅದು. ಮೇಖ್ರಿ ಸರ್ಕಲ್ಲಿಂದ ಮೆಜೆಸ್ಟಿಕ್‌ಗೆ ಆಟೋದವನು 400 ಕೇಳಿದ. ಕೆಸರಲ್ಲಿ ಬೂಟಿನ ಅಟ್ಟೆ ಕಿತ್ತು ಬಂದು, ಪ್ಲಾಸ್ಟಿಕ್ ಕವರಿನಿಂದ ಕಾಲಿಗೆ ಕಟ್ಟಿಕೊಂಡು ನಡೆದೆ. ಆದರೂ ಮುಂದೆನೇ ನಿಲ್ಲಬೇಕು ಗುರು. ಹಿಂದೆ ನಿಂತು ಸ್ಕ್ರೀನ್ ನೋಡೋದಾದರೆ ಮನೇಲಿ ಟಿವಿ ಇಲ್ವಾ?

ಪಿಜೆ_ಬಡಾವಣೆ: 2011 ಹಳೇದಂತೆ! ನಾವು 2007ರ ಮಾರ್ಚ್ 17ಕ್ಕೆ ಅದೇ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡ್ ನೋಡಿದವರು. ಭಾರತದಲ್ಲಿ ಅವರ ಮೊದಲ ಶೋ ಅದು. ಹಿಂದೆಯೇ ನಿಂತಿದ್ದೆವು. ಮೂರು ಗಿಟಾರ್ ಬೇರೆ ಬೇರೆಯಾಗಿ ಕೇಳುತ್ತಿದ್ದವು. ಮುಂದೆ ಹೋದರೆ ಬರೀ ಡ್ರಮ್ಮು, ಪಕ್ಕದವನ ಮೊಣಕೈ. ಸೌಂಡ್ ಎಂಜಿನಿಯರ್ ಕೂರುವ ಜಾಗದ ಹತ್ತಿರ ನಿಲ್ಲಿ. ಅವನು ತನ್ನ ಕಿವಿಗೆ ಸರಿಹೋಗುವ ಹಾಗೆ ಮಿಕ್ಸ್ ಮಾಡುತ್ತಾನೆ, ಅಷ್ಟು ತಲೆ ಓಡಿಸಿದರೆ ಸಾಕು.

ದುರ್ಗದ_ಕಲ್ಲು: ಯಾರೂ ಕಿವಿ ವಿಷಯ ಎತ್ತಲ್ವಲ್ಲ! ಸ್ಪೀಕರ್ ಪಕ್ಕ ನಿಂತು ಬಂದ ಮೇಲೆ ಎಡಗಿವಿಯಲ್ಲಿ ಗುಂಯ್ ಅನ್ನೋದು ನಿಲ್ಲಲೇ ಇಲ್ಲ. ರಾತ್ರಿ ಫ್ಯಾನ್ ಆಫ್ ಮಾಡಿದರೆ ಇನ್ನೂ ಜಾಸ್ತಿ. ಡಾಕ್ಟರ್ ಫೀಸ್ 300, ಕಿವಿ ಟೆಸ್ಟ್ 700, ಮಾತ್ರೆ 480, ಆಮೇಲೆ ಅದೇ ಟೆಸ್ಟ್ ಇನ್ನೊಂದು ಸಲ. 100 ಡೆಸಿಬಲ್ ಸದ್ದಲ್ಲಿ ಕಾಲು ಗಂಟೆ ದಾಟಿದರೇ ಅಪಾಯ ಅಂದರು, ಶೋ ಎರಡು ಗಂಟೆ ಇರುತ್ತೆ. ಇಯರ್ ಪ್ಲಗ್ ಜೋಡಿಗೆ 40 ರೂಪಾಯಿ. ಹಾಕಿಕೊಳ್ಳಿ, ಇಲ್ಲಾಂದ್ರೆ ಹೋಗಬೇಡಿ.

ಹಳೇ_ಮೆಟಲ್: ಕಿವಿಗೆ ಹತ್ತಿ ತುರುಕಿಕೊಂಡು ಮೆಟಲ್ ಕೇಳೋರು ಭಜನೆಗೆ ಹೋಗಲಿ ಸ್ವಾಮಿ.

ದುರ್ಗದ_ಕಲ್ಲು: ಹತ್ತಿ ಅಂದೆನಾ ನಾನು? ಹತ್ತಿ ಏನೂ ತಡೆಯಲ್ಲ. ಫೋಮ್ ಪ್ಲಗ್, ಬೆರಳಲ್ಲಿ ಹೊಸೆದು, ಕಿವಿ ಮೇಲಕ್ಕೆ ಎಳೆದು ಒಳಗೆ ಬಿಡಬೇಕು. ಓದೋಕೆ ಬರುತ್ತಲ್ವಾ ನಿಮಗೆ?

ಕುಂದವಾಡ_ಗ್ರೌಲ್: ಜಗಳ ಬಿಡಿ. ನಾನು ಹುಡುಗಿ, ಪಿಟ್ ಒಳಗೇ, ಅಂದರೆ ಒಬ್ಬರಿಗೊಬ್ಬರು ಗುದ್ದಿಕೊಂಡು ಕುಣಿಯೋ ಗುಂಪಿನೊಳಗೇ ಹೋಗಿದ್ದೆ. ಜಾರಿ ಬಿದ್ದ ಕ್ಷಣಕ್ಕೆ ನಾಲ್ಕೈದು ಜನ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು. ಒಬ್ಬ ಬಗ್ಗಿ ನನ್ನ ಲೇಸ್ ಕಟ್ಟಿಕೊಟ್ಟು ಮತ್ತೆ ಗುದ್ದಾಡೋಕೆ ಓಡಿದ. ಕನ್ನಡಕ ಮಾತ್ರ ಪುಡಿಪುಡಿ. ಫ್ರೇಮು, ಗ್ಲಾಸು ಸೇರಿ 2,300. ಮನೇಲಿ ಬಾತ್‌ರೂಮಲ್ಲಿ ಬಿದ್ದೆ ಅಂದಿದ್ದೇನೆ, ಇವತ್ತಿಗೂ ಅದೇ ಕಥೆ.

ಪಿಜೆ_ಬಡಾವಣೆ: ನೋಡಿ, ಅದಕ್ಕೇ ಹಿಂದೆ ನಿಲ್ಲಿ ಅಂದಿದ್ದು.

ಕುಂದವಾಡ_ಗ್ರೌಲ್: ನಾನು ದೂರು ಹೇಳಿದೆನಾ ಸರ್? ಮುಂದಿನ ಸಲವೂ ಪಿಟ್ಟೇ. ಕನ್ನಡಕ ಬ್ಯಾಗಲ್ಲಿ.

ವಿದ್ಯಾನಗರ_ಹುಡುಗ: ಅಣ್ಣಾ, ಅಕ್ಕಾ, ರಾತ್ರಿ ಬಸ್ ವಿಷಯ?

ದುರ್ಗದ_ಕಲ್ಲು: ಬಯಲಲ್ಲಿ ಸ್ಪೀಕರ್‌ಗೆ ರಾತ್ರಿ 10ರವರೆಗೆ ಮಾತ್ರ ಅವಕಾಶ, ಶೋ ಅಷ್ಟೊತ್ತಿಗೆ ಮುಗಿಯುತ್ತೆ. ಮೆಜೆಸ್ಟಿಕ್‌ಗೆ ಹೋಗಬೇಡಿ, ಗೊರಗುಂಟೆಪಾಳ್ಯದಲ್ಲಿ ನಿಲ್ಲಿ, ಹುಬ್ಬಳ್ಳಿ ಕಡೆ ಬಸ್ ಬರುತ್ತವೆ. 260 ಕಿಲೋಮೀಟರ್, ಬೆಳಗಿನ ಜಾವ ಮನೆ. ನಿಮಗೇನು, ದಾವಣಗೆರೆಯವರು ಆರಾಮಾಗಿ ಸ್ಟ್ಯಾಂಡಲ್ಲಿ ಇಳೀತೀರಿ. ನಮ್ಮನ್ನು ದುರ್ಗದ ಬೈಪಾಸಲ್ಲಿ ಕತ್ತಲಲ್ಲಿ ತಳ್ಳಿ ಹೋಗ್ತಾರೆ. ಊರೊಳಗೆ ಬರೋಕೆ ಆಟೋಗೆ 250, ಸಿಕ್ಕಿದರೆ.

ಹಳೇ_ಮೆಟಲ್: ಹತ್ತುವಾಗ ಕಂಡಕ್ಟರ್‌ನ ಕೇಳಬೇಕಪ್ಪ, ಒಳಗೆ ಹೋಗುತ್ತಾ ಅಂತ.

ದುರ್ಗದ_ಕಲ್ಲು: ಕೇಳಿದ್ದೆ! "ಹೋಗುತ್ತೆ ಹತ್ತಿ" ಅಂದ. ಬೈಪಾಸ್ ಬಂದಾಗ "ಎಕ್ಸ್‌ಪ್ರೆಸ್ ಇದು, ಇಳೀರಿ" ಅಂದ. ಟಿಕೆಟ್ ಮಾತ್ರ ಸ್ಟ್ಯಾಂಡ್‌ವರೆಗೂ ಹರಿದಿದ್ದ, ಇನ್ನೂ ಇಟ್ಕೊಂಡಿದ್ದೇನೆ, ಫೋಟೋ ಹಾಕಲಾ?

ಹಳೇ_ಮೆಟಲ್: ಹಾಕಿ, ನೋಡೋಣ.