ಪದಚರ್ಚೆ: 16 ಅಡಿ ಉದ್ದದ ಈಟಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

1640ರ ದಶಕದ ಇಂಗ್ಲೆಂಡಿನ ಕಾಲಾಳುಗಳ ಕಿರುಗೊಂಬೆಗಳಿಗೆ ಬಣ್ಣ ಹಚ್ಚುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಗೊಂಬೆ ಅಂದರೆ 28 ಮಿಲಿಮೀಟರ್ ಅಳತೆಯ ಪ್ಲಾಸ್ಟಿಕ್ ಅಥವಾ ಲೋಹದ ಸಿಪಾಯಿ. ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ 1642ರಲ್ಲಿ ಶುರುವಾದ ಯುದ್ಧದವರು ಇವರು. ಆಗಿನ ಕಾಲಾಳು ದಳದಲ್ಲಿ ಸಾಮಾನ್ಯವಾಗಿ ಎರಡು ಪಾಲು ಕೋವಿಯವರು, ಒಂದು ಪಾಲು ಉದ್ದ ಈಟಿಯವರು. ಕೋವಿಗೆ ಮದ್ದು ತುಂಬಲು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಕುದುರೆ ಸವಾರರು ಮೇಲೆ ಬೀಳದಂತೆ ಈಟಿಯವರು ತಡೆಯಬೇಕಿತ್ತು.

ಬಣ್ಣದ ಕೆಲಸದ ಪದಗಳ ಬಗ್ಗೆ ನನಗೆ ಜಾಸ್ತಿ ಚಿಂತೆ ಇಲ್ಲ. ಮನೆಗೆ ಬಣ್ಣ ಹೊಡೆಯುವವರು ‘ಪ್ರೈಮರ್ ಹೊಡೆದು ಎರಡು ಕೋಟ್ ಕೊಡಿ’ ಅನ್ನುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ. ಅದನ್ನೇ ಇಟ್ಟುಕೊಂಡಿದ್ದೇನೆ. ಮಡಿಕೆಗಳ ಸಂದಿಗೆ ಇಳಿಯುವಂತೆ ಹಾಕುವ ತೆಳ್ಳನೆಯ ಕಪ್ಪು ಬಣ್ಣಕ್ಕೆ ‘ವಾಶ್’ ಎಂದೇ ಬರೆದಿದ್ದೇನೆ. ಬಣ್ಣ ಒರೆಸಿದ ಕುಂಚವನ್ನು ಉಬ್ಬುಗಳ ಮೇಲೆ ಆಡಿಸುವುದಕ್ಕೆ ಮಾತ್ರ ‘ಒಣಕುಂಚ’ ತಾನಾಗಿಯೇ ಬಂತು. ಆದರೆ ಸಿಪಾಯಿಯ ಮೈಮೇಲಿನ ಸಾಮಾನುಗಳ ಹೆಸರು ಹಾಗಲ್ಲ. ಮದ್ದು, ಕೋವಿ, ತೊಗಲು, ಈಟಿ ಎಲ್ಲವೂ ನಮ್ಮ ಸೈನ್ಯಗಳಲ್ಲೂ ಇದ್ದವು. ಅವಕ್ಕೆ ಪದ ಹುಡುಕದೆ ಇಂಗ್ಲಿಷಿನದನ್ನೇ ಎತ್ತಿ ಇಡಲು ನನಗೆ ಮನಸ್ಸಿಲ್ಲ.

ಮೊದಲ ಪ್ರಶ್ನೆ ಆ ಉದ್ದ ಈಟಿಯ ಬಗ್ಗೆ, ಇಂಗ್ಲಿಷಿನಲ್ಲಿ ಅದು ‘ಪೈಕ್’. 1645ರಲ್ಲಿ ಪಾರ್ಲಿಮೆಂಟ್ ಹೊಸ ಸೈನ್ಯ ಕಟ್ಟಿದಾಗ ಸಾಮಾನು ಒದಗಿಸುವವರ ಜೊತೆ ಮಾಡಿಕೊಂಡ ಕರಾರುಗಳು ಉಳಿದಿವೆ. ಒಳ್ಳೆ ಆ್ಯಶ್ ಮರದ್ದು, 16 ಅಡಿ ಉದ್ದದ್ದು, ಉಕ್ಕಿನ ತಲೆಯದ್ದು ಬೇಕು ಅಂತ ಅದರಲ್ಲಿದೆ. ಇದನ್ನು ‘ಈಟಿ’ ಎಂದರೆ ಸಾಕಲ್ವಾ ಅಂತ ನೀವು ಕೇಳಬಹುದು. ಸಾಕಾಗುವುದಿಲ್ಲ. ಈಟಿ ಅಂದ ಕೂಡಲೇ ಎಸೆಯುವುದು ನೆನಪಾಗುತ್ತದೆ. ಶಾಲೆಯ ಕ್ರೀಡಾಕೂಟದಲ್ಲಿ ‘ಈಟಿ ಎಸೆತ’ ಇದೆ, ‘ಭರ್ಜಿ ಎಸೆತ’ ಅನ್ನುವವರೂ ಇದ್ದಾರೆ. ಪೈಕನ್ನು ಯಾರೂ ಎಸೆಯುವುದಿಲ್ಲ. ಎರಡೂ ಕೈಯಲ್ಲಿ ಹಿಡಿಯಬೇಕು. ಕುದುರೆ ನುಗ್ಗಿದರೆ ಬುಡವನ್ನು ಬಲಗಾಲಿಗೆ ಒತ್ತಿ, ಮೊನೆಯನ್ನು ಕುದುರೆಯ ಎದೆಗೆ ಗುರಿ ಮಾಡಿ, ಬಾಗಿ ನಿಲ್ಲಬೇಕು.

ಇದು ಬರೀ ಪದದ ಹಟ ಅಲ್ಲ. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಪೈಕ್ ಬಾಗುತ್ತದೆ, ಮುರಿಯುತ್ತದೆ. ಹಾಗಾಗಿ ಎಷ್ಟೋ ಜನ ಉಕ್ಕಿನ ತಂತಿ ಕತ್ತರಿಸಿ ಹಾಕುತ್ತಾರೆ. 28 ಮಿಲಿಮೀಟರ್ ಗೊಂಬೆಗೆ ಆ ತಂತಿ ಸುಮಾರು 80 ಮಿಲಿಮೀಟರ್ ಇರಬೇಕು, ಆಳಿನ ಎತ್ತರದ ಮೂರರಷ್ಟು ಹತ್ತಿರ. ಕೈಪಿಡಿಯಲ್ಲಿ ‘ಈಟಿ’ ಅಂತ ಓದಿದವರು ಆಳಿಗಿಂತ ಸ್ವಲ್ಪ ಉದ್ದಕ್ಕೆ ಕತ್ತರಿಸಿಬಿಡುತ್ತಾರೆ. ಮೊನೆಯಿಂದ ಕೆಳಗೆ ಮರದ ಎರಡು ಬದಿಗೂ ಕಬ್ಬಿಣದ ಪಟ್ಟಿ ಇಳಿದಿರುತ್ತದೆ, ಶತ್ರುವಿನ ಕತ್ತಿ ತಲೆಯನ್ನು ಕಡಿದು ಹಾಕದಿರಲಿ ಅಂತ. ಆ ಪಟ್ಟಿಯನ್ನೂ ಕಬ್ಬಿಣದ ಬಣ್ಣದಲ್ಲೇ ತೋರಿಸಬೇಕು.

‘ಪೈಕ್’ ಎಂದೇ ಇಡೋಣ ಅಂದರೆ ಇನ್ನೊಂದು ತೊಡಕು. ಪೈಕ ಅಂದರೆ ಕಾಲಾಳು. ಒಡಿಶಾದ ಪೈಕರ ಹೆಸರಿನಲ್ಲಿ ಆ ಅರ್ಥ ಇಂದಿಗೂ ಇದೆ. ‘ಪೈಕ್ ಹಿಡಿದವನು’ ಎಂದು ಬರೆದರೆ ಆಯುಧ ಯಾವುದು, ಆಳು ಯಾರು ಅಂತ ಗೊಂದಲ. ಸದ್ಯಕ್ಕೆ ನಾನು ‘ಉದ್ದೀಟಿ’ ಎಂದು ಬರೆಯುತ್ತಿದ್ದೇನೆ, ಹಿಡಿದವನು ‘ಉದ್ದೀಟಿಯವನು’. ನಾಲಿಗೆಗೆ ಸುಲಭ, ಉದ್ದವೂ ಪದದಲ್ಲೇ ಇದೆ. ಹಳಗನ್ನಡದ ‘ಕುಂತ’ ಚೆಲುವಾದ ಪದ. ಆದರೆ ಇಂದು ಅದನ್ನು ಓದಿದವರಿಗೆ ಕೂತವನು ನೆನಪಾಗುತ್ತಾನೆ. ‘ಬಲ್ಲೆಯ’ದ ಬಳಕೆ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಅದು ಕೈಬಿಡದೆ ತಿವಿಯುವ ಆಯುಧವೋ, ಎಸೆಯುವುದೋ ಎಂಬುದೇ ಇಲ್ಲಿ ಮುಖ್ಯ.

ಎರಡನೆಯದು ಕೋವಿ. ಈ ಸಿಪಾಯಿಗಳದು ಬಹುಪಾಲು ಹುರಿಯಿಂದ ಕಿಡಿ ತಗಲಿಸುವ ಕೋವಿ. ನಮಗೆ ಇದೇನೂ ಹೊಸದಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೋವಾವ್ ಡಿ ಫಿಗ್ಯುರೆದೊ ಎಂಬ ಪೋರ್ಚುಗೀಸನೂ ಅವನ ಜೊತೆಗಾರರೂ ಇಂಥ ಕೋವಿಗಳಿಂದಲೇ ಗೋಡೆ ಮೇಲಿದ್ದವರನ್ನು ಹೊಡೆದುರುಳಿಸಿದರು. ಮಲೆನಾಡಿನಲ್ಲಿ ಕೇಪಿನ ಕೋವಿ, ತೋಟಾ ಕೋವಿ ಅನ್ನುತ್ತಾರೆ. ಕಿಡಿ ಹತ್ತಿಸುವ ಬಗೆಯಿಂದಲೋ ಒಳಗೆ ತುಂಬುವುದರಿಂದಲೋ ಹೆಸರು ಬಂದಿದೆ. ಅದೇ ದಾರಿಯಲ್ಲಿ ಇದನ್ನು ‘ಬತ್ತಿ ಕೋವಿ’ ಅನ್ನುವುದು ಸರಿ ಎನಿಸುತ್ತದೆ. ನಾರಿನ ಹುರಿಯನ್ನು ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದರೆ ಅದು ಉರಿಯದೆ ಊದುಬತ್ತಿಯ ಹಾಗೆ ಕನಲುತ್ತಾ ಹೋಗುತ್ತದೆ. ‘ಬತ್ತಿ’ ಎಂದು ಓದಿದವರು ಅದರ ತುದಿಗೆ ಜ್ವಾಲೆ ಬರೆಯುವುದಿಲ್ಲ, ಕೆಂಡ ಬರೆಯುತ್ತಾರೆ. ಹುರಿಗೆ ಮಾಸಲು ಬಿಳಿ, ತುದಿಗೆ ಕಪ್ಪು, ಅದರ ಮೇಲೆ ಬೂದಿ, ಕೊನೆಗೆ ಕೆಂಪಿನ ಒಂದು ಚುಕ್ಕೆ. ಎರಡೂ ತುದಿಗೆ ಹೀಗೇ ಮಾಡಬೇಕು. 1607ರಲ್ಲಿ ಹೇಗ್‌ನಲ್ಲಿ ಅಚ್ಚಾದ ಜೇಕಬ್ ಡಿ ಗೇನ್‌ನ ಕವಾಯತು ಚಿತ್ರಗಳನ್ನು ನೋಡಿ. ಒಟ್ಟು 117 ಚಿತ್ರ. ಕೋವಿಯವನು ಎಡಗೈ ಬೆರಳುಗಳ ನಡುವೆ ಹುರಿಯನ್ನು ಹೇಗೆ ಹಿಡಿಯುತ್ತಾನೆ ಅಂತ ಒಂದೊಂದು ಹಂತವೂ ಅಲ್ಲಿ ಕಾಣುತ್ತದೆ.

ಈ ಕೋವಿಯಲ್ಲೇ ಒಂದು ಬಿಡಿಸಲಾಗದ ಗಂಟಿದೆ. ಬತ್ತಿಯನ್ನು ಕಚ್ಚಿಕೊಂಡು ಮದ್ದಿನ ಬಟ್ಟಲಿಗೆ ಬಾಗುವ ಬಳುಕಿದ ಕಬ್ಬಿಣದ ಕೈಗೆ ಏನನ್ನಬೇಕು? ‘ಕುದುರೆ’ ಅನ್ನಬಹುದಿತ್ತು. ಆದರೆ ‘ಬಂದೂಕಿನ ಕುದುರೆ ಎಳೆದ’ ಎಂದು ಬರೆಯುವಾಗ ನಮ್ಮಲ್ಲಿ ಬೆರಳಿನಿಂದ ಎಳೆಯುವ ಭಾಗವೇ ಮನಸ್ಸಿನಲ್ಲಿರುತ್ತದೆ. ಇಲ್ಲಿ ಎರಡೂ ಬೇರೆ ಬೇರೆ ಭಾಗ. ಸುಮ್ನೆ ‘ಬತ್ತಿಗೈ’ ಅಂದುಬಿಡಲೇ?

ಮೂರನೆಯದಕ್ಕೆ ಉತ್ತರ ಸಿಕ್ಕಿದೆ ಅಂತ ನನ್ನ ನಂಬಿಕೆ, ನಿಮ್ಮ ಒಪ್ಪಿಗೆ ಬೇಕು. ಕೋವಿಯವನ ಎದೆ ಮೇಲೆ ಅಡ್ಡಲಾಗಿ ತೊಗಲಿನ ಪಟ್ಟಿ, ಅದರಿಂದ ದಾರದಲ್ಲಿ ಇಳಿಬಿಟ್ಟ ಮರದ ಪುಟ್ಟ ಡಬ್ಬಿಗಳು. ಒಂದೊಂದರಲ್ಲೂ ಒಂದು ಹೊಡೆತಕ್ಕೆ ಬೇಕಾದಷ್ಟು ಮದ್ದು. ‘ಮದ್ದಿನ ಕರಡಿಗೆ’ ಎನ್ನೋಣ. ಕರಡಿಗೆ ಚಿಕ್ಕದು, ಮುಚ್ಚಳ ಇರುವುದು, ದಾರದಲ್ಲಿ ಕಟ್ಟಿ ಮೈಮೇಲೆ ಧರಿಸುವುದು. ಇದಕ್ಕಿಂತ ಒಪ್ಪುವ ಪದ ನನಗೆ ಕಾಣಲಿಲ್ಲ. ಬಣ್ಣ ಹಚ್ಚುವವರು ಇವನ್ನು ಸಾಮಾನ್ಯವಾಗಿ ಮರದ ಕಂದು ಬಣ್ಣದಲ್ಲೇ ಬಿಡುತ್ತಾರೆ. 1645ರ ಕರಾರಿನಲ್ಲಿ ಮಾತ್ರ ಕರಡಿಗೆಗಳಿಗೆ ಮೂರು ಸಲ ಎಣ್ಣೆ ಬಣ್ಣ ಬಳಿದು ನೀಲಿ ಮಾಡಬೇಕು, ದಾರ ನೀಲಿ ಬಿಳಿ ಇರಬೇಕು ಅಂತಿದೆ. ಕೆಂಪು ಕೋಟಿನ ಮೇಲೆ ಆ ನೀಲಿ ಎಷ್ಟು ಚೆನ್ನಾಗಿ ಎದ್ದು ಕಾಣುತ್ತದೆ ಅಂತ ಒಮ್ಮೆ ಹಚ್ಚಿ ನೋಡಬೇಕು.

ಕೆಂಪಿನ ಬಗ್ಗೆಯೂ ಒಂದು ಮಾತು. ಹೊಸ ಸೈನ್ಯದ ಕಾಲಾಳುಗಳಿಗೆಲ್ಲ ಕೆಂಪು ಕೋಟು. ಒಂದು ದಳಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಾಗುತ್ತಿದ್ದುದು ಮಡಚಿದ ತೋಳಿನಲ್ಲಿ ಕಾಣುವ ಒಳಬಟ್ಟೆಯಿಂದ. ಸೇನಾಪತಿ ಫೇರ್‌ಫ್ಯಾಕ್ಸನ ದಳಕ್ಕೆ ಅದು ನೀಲಿ. ದರ್ಜಿಗಳ ‘ಅಸ್ತರು’ ಇಲ್ಲಿ ಚೆನ್ನಾಗಿ ಕೂರುತ್ತದೆ. ಆಗಿನ ಅಗ್ಗದ ಕೆಂಪು ನಮ್ಮ ಮಂಜಿಷ್ಠದ ಜಾತಿಯದೇ ಆದ ಗಿಡದ ಬೇರಿನಿಂದ ಬರುತ್ತಿತ್ತು. ಕುಂಕುಮದ ಕೆಂಪು ಅಲ್ಲ, ಇಟ್ಟಿಗೆ ಕೆಂಪಿಗೆ ಹತ್ತಿರ. ಬಿಸಿಲು ಮಳೆಗೆ ಮತ್ತಷ್ಟು ಮಾಸುತ್ತಿತ್ತು. ಈ ಕೆಂಪು ಕೋಟಿನ ಮುಂದಿನ ಪೀಳಿಗೆಯನ್ನೇ ನಾವು ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಪೊಳ್ಳಿಲೂರು ಯುದ್ಧದ ಚಿತ್ರದಲ್ಲಿ ನೋಡುವುದು. ದಪ್ಪ ಚರ್ಮಕ್ಕೆ ಎಣ್ಣೆ ಕುಡಿಸಿ ಹದ ಮಾಡಿದ ಹಳದಿ ಮಿಶ್ರಿತ ಕೆನೆಬಣ್ಣದ ಕೋಟಿಗೆ ‘ತೊಗಲಂಗಿ’ ಎಂದು ಬರೆದಿದ್ದೇನೆ, ಅದಕ್ಕೆ ಆಕ್ಷೇಪ ಇರಲಾರದು.

ಕೊನೆಯದಾಗಿ, ಕೊಪ್ಪಳ ಕಡೆಯವರಲ್ಲಿ ಒಂದು ಕೇಳಿಕೆ. ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ಬಣ್ಣ ಹಾಕುವ ಮೊದಲು ಬಟ್ಟೆ, ಹುಣಸೆ ಬೀಜದ ಅಂಟು ಬಳಸಿ ಮೈ ಸಿದ್ಧ ಮಾಡುತ್ತಾರೆ. ಆ ಮೊದಲ ಮೈಗೆ ಅವರ ಬಾಯಲ್ಲಿ ಯಾವ ಹೆಸರಿದೆ? ಗೊತ್ತಿದ್ದವರು ಬರೆದರೆ ಕೈಪಿಡಿಯ ಮೊದಲ ಪುಟದಲ್ಲೇ ‘ಪ್ರೈಮರ್’ ಪಕ್ಕದಲ್ಲಿ ಅದನ್ನೂ ಸೇರಿಸುತ್ತೇನೆ.