45ಕ್ಕೇ ಕೊಲೊನೋಸ್ಕೋಪಿ: ಕಂಪ್ಯೂಟರ್ ಲೆಕ್ಕವನ್ನು ನಂಬಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನಿರುವುದು ನ್ಯೂಜೆರ್ಸಿಯಲ್ಲಿ. ಮೊನ್ನೆ 45 ತುಂಬಿತು, ಕರುಳಿನ ಕ್ಯಾನ್ಸರ್ ತಪಾಸಣೆಗೆ ಡಾಕ್ಟರು ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಮಾಡಿಸಿ ಅಂದರು. ಮೊದಲು 50ಕ್ಕೆ ಶುರುವಾಗುತ್ತಿತ್ತು, 2021ರಲ್ಲಿ ಇಳಿಸಿದರಂತೆ. ಅದಕ್ಕೆ ದೊಡ್ಡ ಆಧಾರ ಕಂಪ್ಯೂಟರ್ ಮಾಡೆಲ್ ಅಂತೆ! ಅದನ್ನು ನಂಬಿ ರಾತ್ರಿಯೆಲ್ಲ ಭೇದಿ ಔಷಧಿ ಕುಡಿಯಬೇಕಾ?

ಉತ್ತರ: ಕರುಳಿನಲ್ಲಿ ಹುಟ್ಟುವ ಪಾಲಿಪ್, ಅಂದರೆ ಸಣ್ಣ ಗಂಟು, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಜಾಸ್ತಿ ಬೇಕು. 45ರವರನ್ನು ಟ್ರಯಲಿಗೆ, ಅಂದರೆ ನಿಜವಾದ ಜನರ ಮೇಲಿನ ಅಧ್ಯಯನಕ್ಕೆ, ಸೇರಿಸಿಕೊಂಡು ಅವರ ಜೀವನ ಮುಗಿಯುವವರೆಗೆ ನೋಡಬೇಕೆಂದರೆ ನಾಲ್ಕು ದಶಕ ಕಾಯಬೇಕು. ಅಷ್ಟರಲ್ಲಿ ಪರೀಕ್ಷೆಗಳೇ ಬದಲಾಗಿರುತ್ತವೆ.

ಅದಕ್ಕೇ ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಜನರನ್ನು ಹುಟ್ಟಿಸುತ್ತೇವೆ. ಒಬ್ಬನನ್ನು ತಗೊಳ್ಳಿ. 48ಕ್ಕೆ ಪಾಲಿಪ್, 63ಕ್ಕೆ ಕ್ಯಾನ್ಸರ್, 66ಕ್ಕೆ ಸಾವು. ಅದೇ ಮನುಷ್ಯನನ್ನು ಇನ್ನೊಮ್ಮೆ ಬದುಕಿಸುತ್ತೇವೆ. ಈ ಸಲ 55ರ ಪರೀಕ್ಷೆಯಲ್ಲಿ ಪಾಲಿಪ್ ತೆಗೆದರು, 81ಕ್ಕೆ ಹಾರ್ಟ್ ಅಟ್ಯಾಕಿನಿಂದ ಹೋದ. 15 ವರ್ಷ ಲಾಭ. ಪಕ್ಕದವನಿಗೂ ಪಾಲಿಪ್ ಇತ್ತು, ಆದರೆ ಅದು ಬೆಳೆಯುವ ಮೊದಲೇ ಬೇರೆ ಕಾಯಿಲೆಯಿಂದ ಸತ್ತ. ಅವನಿಗೆ ಪರೀಕ್ಷೆಯಿಂದ ಸಿಕ್ಕಿದ್ದು ಸೊನ್ನೆ.

ಈ ಲೆಕ್ಕ ಮಾಡಿದ್ದು ಮೂರು ಬೇರೆ ಬೇರೆ ತಂಡ, ತಮ್ಮ ತಮ್ಮ ಮಾಡೆಲ್‌ನಿಂದ. ಬ್ರಿಟನ್ನಿನಲ್ಲಿ 55ರಿಂದ 64 ವಯಸ್ಸಿನವರಿಗೆ ಒಂದೇ ಸಲ ಕರುಳಿನ ಕೆಳಭಾಗ ಪರೀಕ್ಷಿಸಿ, ವರ್ಷಗಟ್ಟಲೆ ಗಮನಿಸಿದ ದೊಡ್ಡ ಟ್ರಯಲ್ ಇದೆ. ಅದರ ಫಲಿತಾಂಶಕ್ಕೆ ಮಾಡೆಲ್‌ಗಳನ್ನು ಒರೆಹಚ್ಚಿದರು. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ತಂಡದ ಮಿಸ್ಕಾನ್ ಅನ್ನುವ ಮಾಡೆಲ್ ಅಲ್ಲಿ ಎಡವಿತು. ಪಾಲಿಪ್ ಬೇಗ ಕ್ಯಾನ್ಸರ್ ಆಗುತ್ತದೆ ಅಂತ ಅದರ ಲೆಕ್ಕ. ಪಾಲಿಪ್ ಇರುವಾಗಲೇ ಹಿಡಿದು ತೆಗೆಯಲು ಸಮಯ ಕಡಿಮೆ ಅಂತಾಯಿತು, ಹಾಗಾಗಿ ಪರೀಕ್ಷೆಯ ಲಾಭವನ್ನು ಕಡಿಮೆ ತೋರಿಸಿತ್ತು. ಆಮೇಲೆ ಸರಿಮಾಡಿದರು. ಎಡವಿದ್ದು ಗೊತ್ತಾಗುವ ಮಾಡೆಲ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಪ್ರಶ್ನೆ: 50ರ ಬದಲು 45ಕ್ಕೆ ಶುರು ಮಾಡಿದರೆ ಸಾವಿರ ಜನರಿಗೆ ಒಟ್ಟು 22ರಿಂದ 27 ವರ್ಷ ಆಯುಸ್ಸು ಜಾಸ್ತಿ ಅಂತ ಓದಿದೆ. ಭಾಗಿಸಿದರೆ ತಲಾ 8-10 ದಿನ. ಇಷ್ಟಕ್ಕೇನಾ?

ಉತ್ತರ: ಲೆಕ್ಕ ಸರಿ ಇದೆ. ಆದರೆ ಆ ಹತ್ತು ದಿನ ಯಾರ ಕೈಗೂ ಸಿಗುವುದಿಲ್ಲ ಅಲ್ವಾ? ಸಾವಿರದಲ್ಲಿ ಇಬ್ಬರು ಮೂವರಿಗೆ ಕ್ಯಾನ್ಸರ್ ತಪ್ಪುತ್ತದೆ, ಒಂದು ಸಾವು ತಪ್ಪುತ್ತದೆ. ಉಳಿದವರಿಗೆ ಬಹುತೇಕ ಏನೂ ಇಲ್ಲ. ಕೊಲೊನೋಸ್ಕೋಪಿಯನ್ನೇ ಆರಿಸಿದರೆ ಆ ಸಾವಿರ ಜನರಿಗೆ ಜೀವನಪೂರ್ತಿ ಸುಮಾರು 780 ಪರೀಕ್ಷೆ ಹೆಚ್ಚಿಗೆ ಬೇಕು.

ಇನ್ನೊಂದು ವಿಷಯ. ಎಲ್ಲರೂ ಹೇಳಿದ ಹೊತ್ತಿಗೆ ಪರೀಕ್ಷೆಗೆ ಬರುತ್ತಾರೆ ಅಂತ ಈ ಲೆಕ್ಕ ಅಂದುಕೊಳ್ಳುತ್ತದೆ. 2022ರಲ್ಲಿ ಬಂದ ಯುರೋಪಿನ ನಾರ್ಡಿಕ್ ಟ್ರಯಲಿನಲ್ಲಿ ಕರೆದವರಲ್ಲಿ ಬಂದವರು 42% ಮಾತ್ರ! ಭೇದಿ ಔಷಧಿಯೇ ನಿಮ್ಮ ಕಷ್ಟ ಅಂದರೆ ವರ್ಷಕ್ಕೊಮ್ಮೆ ಮಲ ಪರೀಕ್ಷೆ ಮಾಡಿಸಬಹುದು. ಒಂದು ವರ್ಷವೂ ತಪ್ಪಿಸದಿದ್ದರೆ ಮಾಡೆಲ್‌ನಲ್ಲಿ ಅದರ ಲಾಭವೂ ಕೊಲೊನೋಸ್ಕೋಪಿಯ ಹತ್ತಿರಕ್ಕೇ ಬರುತ್ತದೆ. ಅದರಲ್ಲಿ ರಕ್ತ ಕಂಡರೆ ಮಾತ್ರ ಕೊಲೊನೋಸ್ಕೋಪಿ ತಪ್ಪಿದ್ದಲ್ಲ.

ಪ್ರಶ್ನೆ: ದಾವಣಗೆರೆಯಲ್ಲಿರುವ ನಮ್ಮಪ್ಪನಿಗೂ ಇದೇ ಲೆಕ್ಕವಾ?

ಉತ್ತರ: ಅಲ್ಲ. ಈ ಮಾಡೆಲ್‌ಗಳನ್ನು ಹೊಂದಿಸಿರುವುದು ಅಮೆರಿಕದ ಅಂಕಿಅಂಶಕ್ಕೆ. ಭಾರತದಲ್ಲಿ ಈ ಕ್ಯಾನ್ಸರ್ ತುಂಬಾ ಕಡಿಮೆ. ಸರ್ಕಾರದ ತಪಾಸಣೆ ಇರುವುದೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ. ಆದರೆ ಅಪ್ಪನಿಗೆ ಮಲದಲ್ಲಿ ರಕ್ತ ಬರುತ್ತಿದ್ದರೆ ಮಾಡೆಲ್ ಮಾತೇ ಬೇಡ. ಮೂಲವ್ಯಾಧಿ ಇರಬೇಕು ಅಂತ ಸುಮ್ನೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ.